ನೀಲಪ್ಪನ ಮನೆಯಲ್ಲಿ ತಂಬಿಗೆ ಇರಲಿಲ್ಲ

ಮಂತ್ರಿಗಳು ಊಟಕ್ಕೆ ಬರುತ್ತಾರೆಂದರೆ ಯಾರಾದರೂ ಮನೆ ತುಂಬಿಸಿಕೊಳ್ಳುತ್ತಾರೆ. ಇಳಕಲ್ಲಿನ ನೇಕಾರ ನೀಲಪ್ಪ ಮಾತ್ರ ಅವತ್ತು ಬೆಳಗಾಗುತ್ತಲೇ ಮನೆ ಖಾಲಿ ಮಾಡತೊಡಗಿದ್ದ.

ಎಂಬತ್ನಾಲ್ಕರ ಬೇಸಿಗೆ. ಬಡವರಿಗೆ ಮನೆ ಜಾಗ ಕೊಡುವ ಯಾದಿಯಲ್ಲಿ ಆ ಓಣಿಗೆ ಸಿಕ್ಕಿದ್ದು ಒಂದೇ ಜಾಗ, ಅದರ ಮುಂದೆ ಇದ್ದದ್ದು ನೀಲಪ್ಪನ ಹೆಸರು. ಹನ್ನೊಂದು ವರ್ಷ ಬಾಡಿಗೆ ಮನೆಯಲ್ಲಿ ಮಗ್ಗ ಹಾಕಿಕೊಂಡು, ಸದ್ದು ಮಾಡಬೇಡ ಎಂದು ಮಾಲಕನಿಂದ ಬೈಸಿಕೊಂಡೇ ಸೀರೆ ನೇಯ್ದವನು ಅವನು. ಈಗ ಮಾಲಕ ದೀಪಾವಳಿಯೊಳಗೆ ಮನೆ ಬಿಡು ಅಂದಿದ್ದ. ಈ ಜಾಗ ಸಿಗದಿದ್ದರೆ ಹೆಂಡತಿ, ಮಗ್ಗ ಎರಡನ್ನೂ ಬೀದಿಯಲ್ಲಿ ಇಡಬೇಕು. ಮಂತ್ರಿಗಳು ಅವತ್ತು ಅವನ ಮನೆಯಲ್ಲಿ ರೊಟ್ಟಿ ತಿಂದು, ತಮ್ಮ ಕೈಯಾರೆ ಹಕ್ಕುಪತ್ರ ಕೊಡುವವರಿದ್ದರು.

ಮಂತ್ರಿಗಳಿಗೆ ಜನ ಕೊಟ್ಟ ಹೆಸರು ಕಂಬಳಿ ಸಾಹೇಬರು. ಊರಲ್ಲಿ ಇನ್ನೂರು ಎಕರೆ ಕಬ್ಬು, ಮೈಮೇಲೆ ಟೆರಿಲೀನ್ ಅಂಗಿ, ಅದರ ಮೇಲೆ ಎಂಥ ಬಿಸಿಲಿದ್ದರೂ ಒಂದು ಕರಿ ಕಂಬಳಿ. ಅವರ ಭಾಷಣದಲ್ಲಿ ಇದ್ದದ್ದು ಎರಡೇ ಜಾತಿ, ನಮ್ಮ ಮಂದಿ ಮತ್ತು ದೊಡ್ಡ ಮಂದಿ. ಈ ದೊಡ್ಡ ಮಂದಿ ಯಾರು, ಎಲ್ಲಿರುತ್ತಾರೆ ಎಂದು ಅವರು ಎಂದೂ ಹೇಳಿದವರಲ್ಲ. ಹಾಗಾಗಿ ಕೇಳಿದವರೆಲ್ಲ ತಮತಮಗೆ ಆಗದವರ ಮುಖ ನೆನೆಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

ಅವತ್ತು ಬೆಳಗಾಗುತ್ತಲೇ ವ್ಯವಸ್ಥೆ ನೋಡಲು ಬಂದ ಪಕ್ಷದ ಗುರಪ್ಪ ಬಾಗಿಲಲ್ಲೇ ನಿಂತುಬಿಟ್ಟ. ಗೂಡಿನಲ್ಲಿ ರೇಡಿಯೋ ಹಾಡುತ್ತಿತ್ತು.

“ರೇಡಿಯೋ ಇಟ್ಕೊಂಡು ಬಡವ ಅಂದ್ರ ಯಾರು ನಂಬ್ತಾರಲೇ? ಸಾಹೇಬ್ರು ಇದನ್ನ ನೋಡಿದ್ರ ನಿನ್ನ ದೊಡ್ಡ ಮಂದ್ಯಾಗ ಸೇರಿಸಿಬಿಡ್ತಾರ.”

ನೀಲಪ್ಪ ಹಾಡನ್ನು ಅರ್ಧಕ್ಕೇ ನಿಲ್ಲಿಸಿದ. ರೇಡಿಯೋ ಎತ್ತಿಕೊಂಡು ಪಕ್ಕದ ಬಂಡೆಪ್ಪನ ಖೋಲಿಗೆ ಓಡಿದ. ಬಂಡೆಪ್ಪ ಕಂಬಳಿ ನೇಯುವವನು, ಒಂಟಿ ಜೀವ, ಅವನೂ ಬಾಡಿಗೆಯವನೇ. ಅವನ ಖೋಲಿಯಲ್ಲಿ ಇದ್ದದ್ದು ಒಂದು ಹಾಸುಗಂಬಳಿ, ಒಂದು ಮಡಿಕೆ, ಗೋಡೆಗೆ ಬೀರಪ್ಪನ ಪಟ. ಜಾಗಕ್ಕೇನು ಬರ?

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಓಣಿಗೆ ಓಣಿಯೇ ನೀಲಪ್ಪನನ್ನು ಬಡವನನ್ನಾಗಿ ಮಾಡಲು ಟೊಂಕ ಕಟ್ಟಿ ನಿಂತಿತು. ಎದುರುಮನೆಯ ಜೈನಬಿ ಗೋಡೆ ಗಡಿಯಾರ ಇಳಿಸಿದಳು. ಬಡವರಿಗೆ ಹೊತ್ತು ಯಾಕೆ ಬೇಕು ಎಂಬುದು ಅವಳ ವಾದ. ಹಿತ್ತಲ ಮನೆಯ ಪದ್ಮವ್ವ ಇನ್ನೊಬ್ಬಳನ್ನು ಕರೆದು ಮಲಗುವ ಹೊರಸು ಎತ್ತಿಸಿದಳು. ಸೈಕಲ್ಲು ಹೋಯಿತು, ತಾಮ್ರದ ಕೊಡ ಹೋದವು, ಸ್ಟೀಲಿನ ತಾಟು, ನೀರು ಕುಡಿಯುವ ವಾಟೆ, ತಂಬಿಗೆ ಎಲ್ಲ ಬಂಡೆಪ್ಪನ ಖೋಲಿ ಸೇರಿದವು. ನೀಲಪ್ಪ ಬೇಡ ಅಂದಷ್ಟೂ ಅವರ ಹುರುಪು ಹೆಚ್ಚಾಯಿತು. ಅವನ ಹೆಂಡತಿ ಸುಂದರವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ಝಾಡಿಸಿ ಎದ್ದಳು.

“ಹೇಣ್ತಿ ಇರೂದೂ ಶ್ರೀಮಂತಿಕಿನ ಅಂದಾರು. ನನ್ನೂ ಎತ್ತಿ ಹೊರಗ ಇಡ್ರೆವ್ವಾ, ಒಮ್ಮೆ ಮುಗೀಲಿ.”

ಕಡೆಗೆ ಮನೆಯಲ್ಲಿ ಉಳಿದದ್ದು ಮಗ್ಗ, ಒಲೆ ಮತ್ತು ಒಂದು ಹರಕು ಚಾಪೆ. ಗುರಪ್ಪ ಒಳಗೆಲ್ಲ ಕಣ್ಣಾಡಿಸಿ, ಈಗ ಬಡತನಕ್ಕೆ ಒಂದು ಕಳೆ ಬಂತು ಅಂದ.

ಮಧ್ಯಾಹ್ನ ಸಾಹೇಬರು ಬಂದರು. ಕಾರನ್ನು ಊರ ಹೊರಗೆ ಬಿಟ್ಟು ಚಕ್ಕಡಿಯಲ್ಲಿ ಬಂದರು. ಹಿಂದೆ ಫೋಟೋ ತೆಗೆಯುವವನು, ಯಾದಿ ಹಿಡಿದ ಕಚೇರಿಯ ಗುಮಾಸ್ತ ಬಸಯ್ಯ, ಅವರ ಹಿಂದೆ ಅರ್ಧ ಊರು. ಸಾಹೇಬರು ಖಾಲಿ ಮನೆ ನೋಡಿ ಬಸಯ್ಯನಿಗೆ ಮೆಚ್ಚಿಗೆಯಿಂದ ತಲೆಯಾಡಿಸಿದರು. ಚಾಪೆಯ ಮೇಲೆ ಕೂತರು. ತಾಟು ಇಲ್ಲದ್ದರಿಂದ ಸುಂದರವ್ವ ರೊಟ್ಟಿಯನ್ನು ಅವರ ಅಂಗೈಗೇ ಕೊಟ್ಟು, ಅದರ ಮೇಲೆ ಒಂದು ಮುದ್ದೆ ಕೆಂಪು ಖಾರ ಇಟ್ಟಳು.

ಸುಂದರವ್ವನ ಕೆಂಪು ಖಾರ ಅಂದರೆ ಹುನಗುಂದದ ತನಕ ಹೆಸರುವಾಸಿ. ಸಾಹೇಬರು ದೊಡ್ಡ ತುತ್ತು ಇಟ್ಟರು. ಕಂಬಳಿಯೊಳಗೆ ಮೊದಲೇ ಬೆಂದಿದ್ದ ಮೈ, ಈಗ ಬಾಯಿಗೂ ಬೆಂಕಿ ಬಿತ್ತು. ಕಣ್ಣಲ್ಲಿ ನೀರು ಧಾರಾಕಾರ ಇಳಿಯಿತು. ಬಡವರಿಗಾಗಿ ಅತ್ತರು ಎಂದು ಫೋಟೋದವನು ಪಟಪಟ ತೆಗೆದ.

“ನೀರ್ ಕೊಡೋ ತಮ್ಮಾ,” ಸಾಹೇಬರು ಬಿಕ್ಕಿದರು.

ನೀಲಪ್ಪ ಸುತ್ತ ನೋಡಿದ. ಕೊಡ ಇಲ್ಲ, ವಾಟೆ ಇಲ್ಲ, ಒಂದು ತಂಬಿಗೆಯೂ ಇಲ್ಲ. ಗಾಬರಿಯಲ್ಲಿ ಖರೇನೇ ಹೇಳಿಬಿಟ್ಟ. “ತಂಬಗಿ ಬಾಜೂ ಮನ್ಯಾಗ ಐತ್ರಿ.”

ಸಾಹೇಬರು ಕಾಯಲಿಲ್ಲ. ಕಂಬಳಿ ಎತ್ತಿಕೊಂಡು ಬಂಡೆಪ್ಪನ ಖೋಲಿಗೆ ನುಗ್ಗಿದರು, ಹಿಂದೆ ಅರ್ಧ ಊರೂ ನುಗ್ಗಿತು. ಎರಡು ತಂಬಿಗೆ ನೀರು ಗಟಗಟ ಕುಡಿದ ಮೇಲೆ ಅವರಿಗೆ ಕಣ್ಣು ಕಂಡಿತು. ರೇಡಿಯೋ, ಗಡಿಯಾರ, ಸೈಕಲ್ಲು, ಎದೆಯೆತ್ತರ ಪೇರಿಸಿದ ತಾಮ್ರದ ಕೊಡ. ನಡುವೆ ಹೊರಸಿನ ಮೇಲೆ ಕಾಲು ಚಾಚಿ ಕೂತ ಬಂಡೆಪ್ಪ. ಇಷ್ಟು ವರ್ಷ ಬರೀ ಭಾಷಣದಲ್ಲಿದ್ದ ದೊಡ್ಡ ಮಂದಿ ಕೊನೆಗೂ ಕೈಗೆ ಸಿಕ್ಕಿದ್ದರು.

“ಇಷ್ಟೆಲ್ಲಾ ನಿಂದೇನೋ?” ಸಾಹೇಬರು ಗುಡುಗಿದರು.

ಬಂಡೆಪ್ಪ ಎದ್ದು ಬೀರಪ್ಪನ ಪಟದ ಮೇಲೆ ಕೈಯಿಟ್ಟ. ಕಂಬಳಿ ನೇಯುವವರ ಮನೆದೇವರು ಬೀರಪ್ಪ, ಅವನ ಮುಂದೆ ಸುಳ್ಳು ಆಡುವುದುಂಟೆ?

“ಬೀರಪ್ಪನ ಆಣಿ ಮಾಡಿ ಹೇಳ್ತೇನ್ರಿ, ಇದರಾಗ ಒಂದೂ ನಂದಲ್ಲ.”

ಸಾಹೇಬರು ಅವನನ್ನು ಬಾಚಿ ತಬ್ಬಿಕೊಂಡರು. “ಕೇಳಿದ್ರೇನು? ದೇವ್ರ ಮುಂದ ನಿಂತು ಎಲ್ಲಾ ಬಿಟ್ಟುಕೊಟ್ಟ. ತ್ಯಾಗ ಅಂದ್ರ ಇದು.”

ಜನ ಕೇಕೆ ಹಾಕಿದರು. ನೀಲಪ್ಪ ಬಾಯಿ ತೆರೆದ, ಗುರಪ್ಪ ಅವನ ಕಾಲು ತುಳಿದ. ನನ್ನದು ಅಂದರೆ ಜಾಗ ಹೋಗುತ್ತದೆ, ಸುಮ್ಮನಿದ್ದರೆ ಸಾಮಾನು ಹೋಗುತ್ತವೆ. ಸಾಹೇಬರು ಅಲ್ಲೇ ಹಂಚಲು ನಿಂತರು. ಗಡಿಯಾರ ಜೈನಬಿಗೆ, ಹೊರಸು ಪದ್ಮವ್ವನಿಗೆ, ಕೊಡ ಒಬ್ಬೊಬ್ಬರಿಗೆ ಒಂದೊಂದು. ಬೆಳಿಗ್ಗೆ ಹೊತ್ತು ತಂದವರೇ ಈಗ ನಾಚಿಕೊಂಡು ಹೊತ್ತು ನಡೆದರು. ಕಡೆಗೆ ಎಲ್ಲರಿಗಿಂತ ಬಡವ ಯಾರೆಂದು ಹುಡುಕಿ, ರೇಡಿಯೋವನ್ನು ನೀಲಪ್ಪನ ಕೈಗಿಟ್ಟರು.

ನೀಲಪ್ಪನಿಗೆ ಅಳು ಬರುವಷ್ಟು ಸಂತೋಷವಾಯಿತು. ರೇಡಿಯೋ ಬಂತು, ಉಳಿದವು ಸಂಜೆಗೆ ಬರುತ್ತವೆ, ಇನ್ನು ಹಕ್ಕುಪತ್ರ ಒಂದು ಬಾಕಿ. ಅಷ್ಟರಲ್ಲಿ ಬಸಯ್ಯ ಯಾದಿ ಬಿಚ್ಚಿದ.

“ಸರ್, ಒಬ್ರಿಗೆ ಒಂದ ಸವಲತ್ತು ಅಂತ ಆರ್ಡರ್ ಐತ್ರಿ. ನೀಲಪ್ಪಗ ರೇಡಿಯೋ ಮುಟ್ಟಿತು.” ಎಂದವನೇ ಹೆಸರಿನ ಮೇಲೆ ಗೀಟು ಎಳೆದ.

“ರೇಡಿಯೋ ನಂದ ಐತ್ರಿ,” ನೀಲಪ್ಪ ಕೂಗಿದ.

“ಹೌದಪಾ, ಇನ್ನ ಅದು ನಿಂದ,” ಎಂದು ಸಾಹೇಬರು ಬೆನ್ನು ಚಪ್ಪರಿಸಿದರು. ಆಮೇಲೆ ಈ ಓಣಿಯಲ್ಲಿ ಈಗ ಏನೂ ಇಲ್ಲದವನು ಯಾರು ಎಂದು ಕೇಳಿದರು. ಎಲ್ಲರೂ ಖಾಲಿ ಖೋಲಿಯಲ್ಲಿ ನಿಂತ ಬಂಡೆಪ್ಪನ ಕಡೆ ನೋಡಿದರು. ಹಕ್ಕುಪತ್ರ ಅವನ ಕೈಗೆ ಹೋಯಿತು.

ಸಂಜೆ ಓಣಿಯವರೆಲ್ಲ ನಗುನಗುತ್ತ ಸಾಮಾನು ತಂದು ಇಟ್ಟರು. ಒಂದು ಚಮಚವೂ ಕಡಿಮೆಯಾಗಿರಲಿಲ್ಲ. ಜೈನಬಿ ಗಡಿಯಾರಕ್ಕೆ ಕೀಲಿ ಕೊಟ್ಟು ಹೋದಳು. ನಕ್ಕೂ ನಕ್ಕೂ ಸುಂದರವ್ವನಿಗೆ ಹೊಟ್ಟೆ ನೋವು ಬಂದಿತ್ತು. ಕೊನೆಗೆ ಬಂಡೆಪ್ಪ ಕಾಗದ ಹಿಡಿದು ಸಂಕೋಚದಿಂದ ಬಂದ. ಇದನ್ನು ಬೇರೆಯವರಿಗೆ ಕೊಡುವ ಹಾಗಿಲ್ಲವೆಂದು ಬಸಯ್ಯ ಹೇಳಿದ್ದನಂತೆ.

“ಚಿಂತಿ ಮಾಡಬ್ಯಾಡ ನೀಲಣ್ಣ. ಎರಡು ಖೋಲಿ ಕಟ್ಟಿಸ್ತೇನಿ. ದೀಪಾವಳಿಗೆ ಬಂದುಬಿಡು, ಒಂದ್ರಾಗ ಬಾಡಿಗಿ ಇರು.”

ನೀಲಪ್ಪನ ಕಣ್ಣು ತುಂಬಿ ಬಂತು. ಬೀದಿಗೆ ಬೀಳುವುದಂತೂ ತಪ್ಪಿತು. ಬಂಡೆಪ್ಪ ಹೊಸ್ತಿಲು ದಾಟಿದವನು ಏನೋ ನೆನಪಾಗಿ ಹೊರಳಿ ನಿಂತ.

“ಆದ್ರ ಒಂದು ಮಾತು. ಮಧ್ಯಾಹ್ನ ಮಗ್ಗದ ಸಪ್ಪಳ ಮಾಡಬ್ಯಾಡ. ನನಗ ನಿದ್ದಿ ಹತ್ತಂಗಿಲ್ಲ.”

ಹಳೆಯ ಮಾಲಕನೂ ಹನ್ನೊಂದು ವರ್ಷದ ಹಿಂದೆ ಮೊದಲ ದಿನ ಇದನ್ನೇ ಹೇಳಿದ್ದ.