ಕನ್ನಡಿಯೊಳಗಿನ ಹೆಂಡತಿ

ಇಷ್ಟೆಲ್ಲ ಫಜೀತಿಗೆ ಕಾರಣವಾದದ್ದು ಅಂಗೈಯಗಲದ ಒಂದು ಕನ್ನಡಿ.

ಕಟಿಂಗ್ ಶಾಪಿನ ಯಜಮಾನನಿಗೆ ಬೀದಿಯವರು ಇಟ್ಟ ಹೆಸರು ರೇಡಿಯೋ. ಕುರ್ಚಿಯಲ್ಲಿ ಯಾರೇ ಕೂರಲಿ, ಅವರ ಹಿಂದೆ ನಿಂತು ಕತ್ತರಿ ಹಿಡಿದು, ಎದುರಿನ ಕನ್ನಡಿಯಲ್ಲಿ ಅವರ ಮುಖ ಕಂಡಿತೆಂದರೆ ಅವನಿಗೆ ಮಾತು ತಾನಾಗಿ ಹರಿಯುತ್ತಿತ್ತು. ಎಷ್ಟೋ ಗಂಡಹೆಂಡಿರ ಜಗಳಗಳು ಆ ಕುರ್ಚಿಯಲ್ಲೇ ಬಗೆಹರಿದಿದ್ದವು. ಆದರೆ ನಡುವೆ ಕನ್ನಡಿಯಿಲ್ಲದೆ ಒಂದು ಮುಖ ನೇರವಾಗಿ ಎದುರಿಗೆ ಬಂದರೆ ಅವನ ನಾಲಿಗೆಗೆ ಬೀಗ ಬೀಳುತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳುವ ರೇಡಿಯೋ ಮನೆಯಲ್ಲಿ ಹಿಡಿಯುತ್ತಿದ್ದದ್ದು ಎರಡೇ ಸ್ಟೇಷನ್ನು, "ಹ್ಞೂಂ" ಮತ್ತು "ಊಟ ಆಯ್ತಾ".

ಮಗಳು ಇರುವವರೆಗೆ ಇದು ಯಾರಿಗೂ ಅಷ್ಟಾಗಿ ಗೊತ್ತಾಗಲಿಲ್ಲ. ಅವಳು ಮದುವೆಯಾಗಿ ಹೋದ ಮೇಲೆ ಮನೆ ಭಣಗುಡತೊಡಗಿತು. ಒಂದು ಸಂಜೆ ಹೆಂಡತಿ ಪಾತ್ರೆ ಒರೆಸುತ್ತ, ತಿರುಗಿ ನೋಡದೆ ಹೇಳಿದಳು: "ನಾನು ಅಕ್ಕನ ಊರಿಗೆ ಹೋಗಿ ಅಲ್ಲೇ ಇದ್ದುಬಿಡ್ತೀನಿ. ಅವಳೂ ಒಬ್ಬಳೇ ಇದ್ದಾಳೆ. ಅಲ್ಲಿ ಮಾತಾಡಿದ್ರೆ ಉತ್ತರನಾದ್ರೂ ಬರುತ್ತೆ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ರೇಡಿಯೋ ಹೇಳಬೇಕಾಗಿದ್ದದ್ದು ಒಂದೇ ಮಾತು, ಹೋಗಬೇಡ. ಅದು ಗಂಟಲವರೆಗೆ ಬಂದು ಅಲ್ಲೇ ಕೂತುಬಿಟ್ಟಿತು. ಹೊರಗೆ ಬಂದದ್ದು ಬೇರೆ. "ಬಸ್ಸು ಬೇಡ. ಬೈಕಲ್ಲೇ ಬಿಟ್ಟು ಬರ್ತೀನಿ."

ಕೇಳಿದವರಿಗೆ ಪೆದ್ದುತನ ಅನ್ನಿಸಬಹುದು. ಆದರೆ ಅವನು ಯೋಚಿಸಿಯೇ ಹೇಳಿದ್ದ. ಬೈಕಿಗೂ ಕನ್ನಡಿ ಇದೆ. ಹೆಂಡತಿ ಹಿಂದೆ ಕೂತರೆ ಅವಳ ಮುಖ ಅದರಲ್ಲಿ ಬೀಳುತ್ತದೆ. ಅಕ್ಕನ ಊರಿಗೆ ಇಡೀ ದಿನದ ದಾರಿ. ಅಷ್ಟರಲ್ಲಿ ಒಂದು ಮಾತು ಹೇಳಲಾಗದಿದ್ದರೆ ತಾನು ಕತ್ತರಿ ಹಿಡಿದು ಏನು ಪ್ರಯೋಜನ ಎಂದು ತನ್ನನ್ನೇ ಕೇಳಿಕೊಂಡ.

ಹೊರಡುವ ಬೆಳಿಗ್ಗೆ ಬೈಕು ಹೊರಗೆ ಬರುವುದೇ ತಡ, ಬೀದಿಯೂ ಹೊರಗೆ ಬಂತು. ಈ ವಯಸ್ಸಿನಲ್ಲಿ ಜೋಡಿಯಾಗಿ ಪ್ರವಾಸ ಹೊರಟಿದ್ದಾರೆ ಎಂದು ಎಲ್ಲರಿಗೂ ಸಂಭ್ರಮ. ನಿಜ ಸಂಗತಿ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ, ಸುಮ್ಮನೆ ನಕ್ಕರು.

ಟೈಲರ್ ಅವಳ ತಲೆಗೆ ಧೂಳು ತಾಗದಂತೆ ಒಂದು ಸ್ಕಾರ್ಫ್ ಹೊಲಿದು ತಂದಿದ್ದ. ಅಷ್ಟಕ್ಕೇ ಬಿಡದೆ ಸಾಮಾನಿನ ಗಂಟನ್ನು ಹ್ಯಾಂಡಲಿಗೇ ಕಟ್ಟಲು ಹೋಗಿ ಎಡಗಡೆಯ ಕನ್ನಡಿಯನ್ನು ಲಟಕ್ಕನೆ ಮುರಿದ. ರೇಡಿಯೋ ಹೌಹಾರಿದ. ಮೆಕ್ಯಾನಿಕ್ ಸಮಾಧಾನ ಹೇಳುತ್ತ, ಉಳಿದದ್ದನ್ನೂ ಬಿಚ್ಚಿಬಿಡೋಣ, ಒಂದೇ ಇದ್ದರೆ ಗಾಡಿಗೆ ಲಕ್ಷಣವಿಲ್ಲ ಎಂದು ಸ್ಪ್ಯಾನರ್ ಎತ್ತಿದ. ರೇಡಿಯೋ ಮಗುವನ್ನು ಕಾಯುವವನಂತೆ ಎರಡೂ ಕೈಯಲ್ಲಿ ಆ ಕನ್ನಡಿಯನ್ನು ಹಿಡಿದುಕೊಂಡು ನಿಂತ. ಕೊನೆಗೆ ಮೆಕ್ಯಾನಿಕ್ ಅದನ್ನು ರಸ್ತೆ ಕಾಣುವ ಹಾಗೆ ತಿರುಗಿಸಿದರೆ, ರೇಡಿಯೋ ಹೆಂಡತಿ ಕಾಣುವ ಹಾಗೆ ತಿರುಗಿಸಿಕೊಂಡ. ನಾಲ್ಕು ಸಲ ಈ ತಿರುಗಾಟ ನಡೆಯಿತು.

ಅವನು ಹಾಗೆ ಕನ್ನಡಿ ಕಾಯುತ್ತಿದ್ದಾಗ ಮೆಡಿಕಲ್ ಶಾಪಿನವನು ಬಂದು, ಗಾಳಿ ಹೊಡೆದರೆ ಕಿವಿ ನೋಯುತ್ತದೆಂದು ಅವನ ಕಿವಿಗಳಿಗೆ ಹತ್ತಿ ತುರುಕಿದ. ಬಿಡಿಸಿಕೊಳ್ಳಲು ರೇಡಿಯೋಗೆ ಕೈ ಖಾಲಿ ಇರಲಿಲ್ಲ. ಇರಲಿ, ಮಾತಾಡಬೇಕಾದವನು ತಾನು, ಕೇಳಬೇಕಾದವಳು ಅವಳು ಎಂದುಕೊಂಡು ಸುಮ್ಮನಾದ. ಮೆಡಿಕಲ್ ಶಾಪಿನವನು ಅವಳ ಕಡೆಗೂ ಹೋಗಿ ಏನೋ ಉಪದೇಶ ಮಾಡುತ್ತಿದ್ದ. ಆಮೇಲೆ ಮೆಕ್ಯಾನಿಕ್ ತನ್ನದೇ ಹೆಲ್ಮೆಟ್ಟನ್ನು ಅವಳ ಸ್ಕಾರ್ಫಿನ ಮೇಲೆ ಕೂರಿಸಿದ. ಅದರೊಳಗೆ ಅವಳ ಎರಡು ಕಣ್ಣು ಬಿಟ್ಟು ಮತ್ತೇನೂ ಕಾಣುತ್ತಿರಲಿಲ್ಲ.

ಊರು ದಾಟುವ ಮೊದಲೇ ಅವಳು ಅವನ ಬೆನ್ನು ತಟ್ಟಿದಳು. ಇನ್ನೊಂದು ಸಲ ತಟ್ಟಿದಳು. ರೇಡಿಯೋಗೆ ಹುರುಪು ಬಂತು. ಇಷ್ಟು ವರ್ಷದಲ್ಲಿ ಅವಳು ಹೀಗೆ ಬೆನ್ನು ತಟ್ಟಿದ್ದು ಅವನಿಗೆ ನೆನಪಿರಲಿಲ್ಲ. ಆ ಖುಷಿಯಲ್ಲಿ ಗಾಡಿಯನ್ನು ಇನ್ನಷ್ಟು ಜೋರಾಗಿ ಓಡಿಸಿದ.

ಆದರೂ ಬಾಯಿ ತೆರೆಯಲು ಮೀನಮೇಷ ಎಣಿಸುತ್ತಲೇ ಅರ್ಧ ದಾರಿ ಕಳೆಯಿತು. ಮಧ್ಯಾಹ್ನ ಒಂದು ಹೋಟೆಲಿನಲ್ಲಿ ಎದುರುಬದುರು ಕೂತರು. ಎದುರುಬದುರು ಆದ್ದರಿಂದ ಮಾತಿಲ್ಲದೆ ಉಂಡು ಎದ್ದರು. ಅವಳು ಸ್ಕಾರ್ಫ್ ಕೂಡ ಬಿಚ್ಚಲಿಲ್ಲ.

ಮತ್ತೆ ಗಾಡಿ ಹೊರಟಾಗ ಇಳಿಬಿಸಿಲು ಕನ್ನಡಿಯ ಮೇಲೆ ಬಿತ್ತು. ಅದರೊಳಗೆ ಅವಳ ಕಣ್ಣು ಅವನನ್ನೇ ನೋಡುತ್ತಿತ್ತು. ಅವನಿಗೆ ತಡೆಯಲಾಗಲಿಲ್ಲ.

"ಹೋಗಬೇಡ ಕಣೇ," ಅಂದ. "ನೀನಿಲ್ದೆ ಆ ಮನೇಲಿ ನಾನೇನು ಮಾಡ್ಲಿ? ಅಂಗಡಿಯಲ್ಲಿ ಅಷ್ಟು ಮಾತಾಡ್ತೀನಲ್ಲ, ಅದರಲ್ಲಿ ಅರ್ಧ ನಿನಗೆ ಅಂತ ಇಟ್ಕೊಂಡಿದ್ದು. ಮನೆಗೆ ಬಂದ್ರೆ ಬಾಯಿಗೆ ಬರಲ್ಲ."

ಕನ್ನಡಿಯಲ್ಲಿ ಹೆಲ್ಮೆಟ್ ತಲೆಯಾಡಿಸಿತು.

ಆಮೇಲೆ ಕಟ್ಟೆ ಒಡೆಯಿತು. ಅವಳಿಗೆ ಜ್ವರ ಬಂದಾಗ ರಾತ್ರಿಯಿಡೀ ಪಕ್ಕದಲ್ಲಿ ಕೂತು ಹೇಳದೆ ಉಳಿಸಿಕೊಂಡದ್ದು, ಮಗಳು ಹೊರಟ ದಿನ ಅಂಗಡಿ ಬಾಗಿಲು ಹಾಕಿಕೊಂಡು ಅತ್ತದ್ದು, ಅವಳ ಕೈಯಡುಗೆಯನ್ನು ಗಿರಾಕಿಗಳ ಮುಂದೆಲ್ಲ ಹೊಗಳಿ ಅವಳ ಮುಂದೆ ಮಾತ್ರ ನುಂಗಿಕೊಂಡದ್ದು, ಎಲ್ಲವನ್ನೂ ಹೇಳಿದ. ಪ್ರತಿ ಮಾತಿಗೂ ಹೆಲ್ಮೆಟ್ ತಲೆಯಾಡಿಸಿತು. ಕೊನೆಗೆ, ಅಕ್ಕನನ್ನು ಮಾತಾಡಿಸಿಕೊಂಡು ನಾಳೆ ಒಟ್ಟಿಗೇ ವಾಪಸ್ ಬರೋಣವೇ ಎಂದು ಕೇಳಿದ. ಅದಕ್ಕಂತೂ ಹೆಲ್ಮೆಟ್ ಮೂರು ಸಲ ಬಾಗಿತು.

ಮುಸ್ಸಂಜೆಯಲ್ಲಿ ಅಕ್ಕನ ಮನೆ ಮುಂದೆ ಇಳಿದಾಗ ರೇಡಿಯೋ ಕಿವಿಯ ಹತ್ತಿ ಕಿತ್ತೆಸೆದು, ಪರೀಕ್ಷೆ ಪಾಸಾದವನ ಹಾಗೆ ಹಿಂದೆ ತಿರುಗಿದ. ಹೆಂಡತಿ ಹೆಲ್ಮೆಟ್ ತೆಗೆದಳು. ಸ್ಕಾರ್ಫ್ ಬಿಚ್ಚಿದಳು. ಆಮೇಲೆ ಒಂದೊಂದು ಕಿವಿಯಿಂದಲೂ ನೆಲ್ಲಿಕಾಯಿಯಷ್ಟು ಹತ್ತಿ ಹೊರಗೆ ತೆಗೆದಳು.

ರೇಡಿಯೋ ಆ ಹತ್ತಿಯ ಕಡೆ ಬೆರಳು ಮಾಡಿದ. "ಮತ್ತೆ ತಲೆ ಆಡಿಸ್ತಿದ್ದೆಯಲ್ಲ?"

"ನಾನೆಲ್ಲಿ ಆಡಿಸಿದೆ? ಹೆಲ್ಮೆಟ್ಟು ದೊಡ್ಡದು. ಗುಂಡಿ ಸಿಕ್ಕಾಗೆಲ್ಲ ಅದೇ ಕುಣೀತಿತ್ತು." ಅವಳು ಗಂಟನ್ನು ಬಿಚ್ಚುತ್ತ ಮೆಲ್ಲಗೆ ಕೇಳಿದಳು, "ನಾನು ಹೇಳಿದ್ದು ನಿಮಗೆ ಕೇಳಿಸ್ತಾ?"

"ಏನು ಹೇಳಿದೆ?"

"ಊರು ದಾಟೋ ಮುಂಚೆನೇ ಹೇಳಿದೆ. ಗಾಡಿ ತಿರುಗಿಸಿ, ಮನೆಗೆ ಹೋಗೋಣ ಅಂತ. ಬೆನ್ನು ತಟ್ಟಿ ತಟ್ಟಿ ಹೇಳಿದೆ. ನೀವು ಇನ್ನೂ ಜೋರಾಗಿ ಓಡಿಸಿದ್ರಿ. ಕಳಿಸಿಬಿಡೋದೇ ನಿಮ್ಮ ಮನಸ್ಸಲ್ಲಿದೆ ಅಂದುಕೊಂಡೆ." ಅವಳ ಕಣ್ಣು ತುಂಬಿತ್ತು. "ನಂದು ಹೇಳಿಯಾಯ್ತು. ಈಗ ನಿಮ್ಮದು ಹೇಳಿ."

ರೇಡಿಯೋ ತಕ್ಷಣ ಬೈಕಿನ ಕಡೆ ಬಾಗಿದ. ಕನ್ನಡಿಯನ್ನು ಒರೆಸಿ, ಅವಳ ಮುಖ ಬೀಳುವ ಹಾಗೆ ಸರಿಮಾಡಿ, "ನೋಡು..." ಎಂದು ಶುರುಮಾಡಿದ.

ಹೆಂಡತಿ ಕೈ ಚಾಚಿ, ಬೆಳಗಿನಿಂದ ಅವನು ಕಾದುಕೊಂಡು ಬಂದಿದ್ದ ಕನ್ನಡಿಯನ್ನು ಆಕಾಶದ ಕಡೆ ತಿರುಗಿಸಿದಳು. "ಅದಕ್ಕಲ್ಲ," ಅಂದಳು. "ನನಗೆ ಹೇಳಿ. ಹೇಳೋವರೆಗೂ ನಾನು ವಾಪಸ್ ಗಾಡಿ ಹತ್ತಲ್ಲ."

ಇಷ್ಟು ದೂರ ಬಂದು, ಮೈಕೈ ನೋಯಿಸಿಕೊಂಡು, ರೇಡಿಯೋ ಕೊನೆಗೆ ಮತ್ತೆ ತನ್ನ ಮನೆಯ ಅದೇ ಅಡುಗೆಮನೆ ಬಾಗಿಲಿಗೆ ಬಂದು ನಿಂತಂತಾಗಿತ್ತು. ಕೈಯಲ್ಲಿ ಕತ್ತರಿ ಇರಲಿಲ್ಲ, ನಡುವೆ ಕನ್ನಡಿಯೂ ಇರಲಿಲ್ಲ. ಅವಳು ಕಾಯುತ್ತಿದ್ದಳು. ಒಳಗಿನಿಂದ ಅಕ್ಕ ಊಟಕ್ಕೆ ಒಮ್ಮೆ ಕರೆದಳು, ಮತ್ತೊಮ್ಮೆ ಕರೆದಳು. ಅವನು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದ.