ಹನ್ನೆರಡು ಚೆಂಡುಗಳೂ ನಮ್ಮ ಅತ್ತೆಯೂ

ಗಂಡಂದಿರ ಮೇಲೆ ಹೊರಿಸಲಾಗುವ ಆರೋಪಗಳಲ್ಲಿ ಮುಕ್ಕಾಲುಪಾಲು ನ್ಯಾಯವಾಗಿ ಉಪಕರಣಗಳ ಮೇಲೆ ಹೊರಿಸಬೇಕಾದವು ಎಂಬುದು ನನ್ನ ಬಹುಕಾಲದ ಸಿದ್ಧಾಂತ. ಮೊಳೆ ಸೊಟ್ಟಗೆ ಇಳಿದರೆ ಅದು ಸುತ್ತಿಗೆಯ ದೋಷ. ಹಾಲು ಉಕ್ಕಿದರೆ ಪಾತ್ರೆಯ ದೋಷ. ಇದು ಬರಿಯ ಜಾಣ್ಮೆಯ ವಾದವಲ್ಲ, ನನ್ನ ಹೊಟ್ಟೆಪಾಡಿನ ವಾದ. ನಾನು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಪರೀಕ್ಷಕ. ಅಂಗಡಿಯವನ ಮುಖ ನೋಡಿ ಅವನು ಎಂಥವನೆಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಅವನ ತಕ್ಕಡಿಯನ್ನು ಪರೀಕ್ಷಿಸುವುದಷ್ಟೇ ನನ್ನ ಕೆಲಸ. ಇಪ್ಪತ್ತೆರಡು ವರ್ಷ ತಕ್ಕಡಿಗಳನ್ನೇ ಅನುಮಾನಿಸುತ್ತ ಬಂದವನಿಗೆ ತನ್ನನ್ನು ತಾನು ಅನುಮಾನಿಸುವ ಅಭ್ಯಾಸ ಬೆಳೆಯಲೇ ಇಲ್ಲ.

ಇಂಥ ನಾನು ಗಾಲ್ಫ್ ಆಡತೊಡಗಿ ಎಂಟು ತಿಂಗಳಾಗಿತ್ತು. ಹೊಟ್ಟೆ ಕರಗಬೇಕಾದರೆ ನಡೆಯಿರಿ ಎಂದಷ್ಟೇ ವೈದ್ಯರು ಹೇಳಿದ್ದರು. ನಡೆಯಲು ಒಂದು ನೆಪ ಬೇಕಲ್ಲ ಎಂದು ಚೆಂಡನ್ನು ನಾನೇ ಸೇರಿಸಿಕೊಂಡೆ. (ಅದು ಎಲ್ಲಿ ಬಿತ್ತೆಂದು ಹುಡುಕುತ್ತ ನಾನು ನಡೆದಿರುವ ದೂರವನ್ನು ಕೇಳಿದರೆ ಆ ವೈದ್ಯರೇ ಗಾಬರಿಯಾದಾರು.) ನಮ್ಮ ಮೈದಾನದಲ್ಲಿ ಬಲಕ್ಕೆ ಕೊಳ, ಎಡಕ್ಕೆ ಪೊದೆ, ನಡುವೆ ಹುಲ್ಲು ಹಾಸಿದ ವಿಶಾಲವಾದ ದಾರಿ. ಆ ದಾರಿಯನ್ನು ನನ್ನ ಚೆಂಡು ಆಕಾಶದಿಂದ ಕಂಡಿತ್ತೇ ಹೊರತು ಮುಟ್ಟಿರಲಿಲ್ಲ.

ಒಂದು ಭಾನುವಾರ, ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಮನೆಗೆ ಬಂದವನು ಹಜಾರದ ನಡುವೆ ನಿಂತು ಘೋಷಿಸಿದೆ: "ಕಾರಣ ಸಿಕ್ತು! ತಪ್ಪು ಚೆಂಡಿಂದು."

ನನ್ನ ಹೆಂಡತಿ ದಂತವೈದ್ಯೆ. ಊರವರ ಬಾಯಿ ತೆರೆಸುವುದು ಆಕೆಯ ವೃತ್ತಿ. ನನ್ನ ಬಾಯಿ ಮುಚ್ಚಿಸುವುದು ಹವ್ಯಾಸ.

"ಹೋದ ತಿಂಗಳು ಕೋಲಿನ ತಪ್ಪು ಅಂದ್ರಿ, ಕೋಲು ಬದಲಾಯ್ತು. ಅದಕ್ಕೆ ಮುಂಚೆ ಬೂಟು. ಅದಕ್ಕೂ ಮುಂಚೆ ಗಾಳಿ. ಇನ್ನು ಉಳಿದಿರೋದು ಸೂರ್ಯ ಒಬ್ಬನೇ ಕಣ್ರೀ."

"ಗೇಲಿ ಮಾಡ್ಬೇಡ. ಚೆಂಡಿನಲ್ಲಿ ನಾಲ್ಕು ಥರ ಇದೆ, ಗೊತ್ತಾ? ಗಟ್ಟಿ ಸಿಪ್ಪೇದು ದೂರ ಓಡುತ್ತೆ. ಮೆತ್ತಗಿರೋದು, ಮೆಲ್ಲಗೆ ಹೊಡೆಯೋರಿಗೆ ಅಂತಾರೆ. ಮೂರು ಪದರದ್ದು ದೊಡ್ಡ ದೊಡ್ಡ ಆಟಗಾರರದ್ದು, ಬಿದ್ದ ಕಡೆ ಕಚ್ಕೊಂಡು ನಿಂತ್ಬಿಡುತ್ತೆ. ನಾಲ್ಕನೇದು..."

"ಕೊಳದಿಂದ ಎತ್ತಿ, ತೊಳೆದು ಮಾರೋದು. ಅದರಲ್ಲಿ ಅರ್ಧಕ್ಕರ್ಧ ನಿಮ್ಮವೇ ಇರ್ಬೇಕು."

ಮೂಲೆಯ ಕುರ್ಚಿಯಲ್ಲಿ ಪದಬಂಧ ತುಂಬುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. ಭುಜಗಳು ಮಾತ್ರ ಒಮ್ಮೆ ಕುಲುಕಿದವು. ಅವರು ನಮ್ಮೊಂದಿಗೆ ಇರಲು ಬಂದು ವರ್ಷವಾಗಿತ್ತು. ಭಾನುವಾರ ಬೆಳಿಗ್ಗೆ ಯಾರಾದರೂ ಹೊರಗೆ ಕರೆದೊಯ್ಯಲಿ ಎಂಬುದೊಂದೇ ಅವರ ಬೇಡಿಕೆ. ಆದರೆ ಭಾನುವಾರ ಬೆಳಿಗ್ಗೆ ಮಗಳು ಚಿಕಿತ್ಸಾಲಯದಲ್ಲಿರುತ್ತಿದ್ದಳು, ಅಳಿಯ ಕೊಳದಲ್ಲಿರುತ್ತಿದ್ದ.

"ಸರಿ, ಮೂರು ವಾರ ಕೊಡ್ತೀನಿ," ಎಂದಳು ಹೆಂಡತಿ. "ಚೆಂಡಿಂದೇ ತಪ್ಪು ಅಂತ ಅಳೆದು ಬರೆದು ತೋರ್ಸಿ. ಭಾನುವಾರ ಪೂರ್ತಿ ನಿಮ್ದು, ನಾನು ಉಸಿರೆತ್ತಲ್ಲ. ತೋರ್ಸೋಕೆ ಆಗ್ಲಿಲ್ವಾ, ಭಾನುವಾರ ಬೆಳಿಗ್ಗೆ ಅಮ್ಮಂದು. ಅವರು ಎಲ್ಲಿಗೆ ಅಂತಾರೋ ಅಲ್ಲಿಗೆ ಹೋಗೋದು, ಏನು ಹಿಡ್ಕೊಳ್ಳಿ ಅಂತಾರೋ ಅದನ್ನ ಹಿಡ್ಕೊಳ್ಳೋದು. ಒಪ್ಪಿಗೆನಾ?"

ಇಲಾಖೆಯ ಮೊಹರು ಒತ್ತುವಷ್ಟು ಗಾಂಭೀರ್ಯದಿಂದ ಒಪ್ಪಿದೆ.

ನಾಲ್ಕು ಬಗೆಯಲ್ಲಿ ತಲಾ ಮೂರರಂತೆ ಹನ್ನೆರಡು ಚೆಂಡುಗಳನ್ನು ತಂದು ಅ, ಆ, ಇ, ಈ ಎಂದು ಗುರುತು ಹಾಕಿದೆ. ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದೆ. ಒಂದೂ ತಪ್ಪು ತೂಗಲಿಲ್ಲ. (ವೃತ್ತಿಜೀವನದಲ್ಲಿ ಸರಿಯಾದ ತೂಕ ಕಂಡು ಬೇಸರಪಟ್ಟದ್ದು ಅದೇ ಮೊದಲು.) ಭಾನುವಾರ ಅಭ್ಯಾಸದ ಮೈದಾನಕ್ಕೆ ಹೋಗಿ, ಏಳನೇ ನಂಬರಿನ ಕಬ್ಬಿಣದ ಕೋಲು ಹಿಡಿದು ಪ್ರಯೋಗಕ್ಕೆ ನಾಂದಿ ಹಾಡಿದೆ. ಅಲ್ಲಿಯ ತರಬೇತುದಾರರು ಮಿತಭಾಷಿ. ಎಂಟು ತಿಂಗಳಲ್ಲಿ ಅವರು ನನ್ನ ಆಟದ ಬಗ್ಗೆ ಆಡಿದ ಮಾತು "ಹೂಂ" ಎಂಬುದೊಂದೇ.

'ಅ' ಗುಂಪಿನ ಮೊದಲ ಚೆಂಡು ನೂರಾನಾಲ್ಕು ಮೀಟರ್ ಹೋಯಿತು. ಅದರ ಒಡಹುಟ್ಟು ಮೂವತ್ತೊಂದು ಮೀಟರ್. ಮೂರನೆಯದು ನನ್ನ ಬೆನ್ನ ಹಿಂದೆ ಎರಡು ಮೀಟರ್ ದೂರದಲ್ಲಿ ಸಿಕ್ಕಿತು. ಅದನ್ನು ನಮೂದಿಸಲು ಪುಸ್ತಕದಲ್ಲಿ ಹೊಸದೊಂದು ಗೆರೆ ಎಳೆಯಬೇಕಾಯಿತು.

"ಹೂಂ," ಎಂದರು ತರಬೇತುದಾರರು.

ಅಂದು ಮನೆಯಲ್ಲಿ ಪುಸ್ತಕದಲ್ಲಿ ಬರೆದೆ: 'ಚೆಂಡು ಅದೇ, ಹೊಡೆತ ಬೇರೆ. ಅಳತೆಗೋಲೇ ಕುಣಿಯುತ್ತಿದ್ದರೆ ಬಟ್ಟೆಯನ್ನು ಅಳೆಯುವುದು ಹೇಗೆ?' (ಈ ವಾಕ್ಯ ಬರೆದಾಗಲೇ ನಾನು ಸ್ವಲ್ಪ ನಿಂತು ಯೋಚಿಸಬೇಕಿತ್ತು.) ತರಬೇತುದಾರರಿಂದ ಹೊಡೆಸೋಣವೆಂದರೆ ಅವರು ಪಳಗಿದವರು; ನನ್ನ ಪರೀಕ್ಷೆ ನಡೆಯುತ್ತಿರುವುದು ಹವ್ಯಾಸಿಗಳ ಹಿತಕ್ಕಾಗಿ. ನನಗೆ ಬೇಕಾಗಿದ್ದದ್ದು ಆಟ ಬಾರದ, ಆದರೆ ಪ್ರತಿಸಲವೂ ಒಂದೇ ರೀತಿಯಲ್ಲಿ ತಪ್ಪು ಹೊಡೆಯುವ ಒಬ್ಬ ವ್ಯಕ್ತಿ. ಅಂಥವರನ್ನು ಹುಡುಕುವುದರಲ್ಲೇ ಎರಡನೆಯ ವಾರ ಕಳೆದುಹೋಯಿತು.

ಮೂರನೆಯ ವಾರದ ಶನಿವಾರ ಬೆಳಿಗ್ಗೆ ಹಿತ್ತಿಲಿನಿಂದ ಸದ್ದು ಕೇಳಿಸಿತು. ದಬ್. ದಬ್. ದಬ್. ಅತ್ತೆ ಹಜಾರದ ಜಮಖಾನವನ್ನು ತಂತಿಯ ಮೇಲೆ ಹಾಕಿ ಬೆತ್ತದಿಂದ ಧೂಳು ಕೊಡವುತ್ತಿದ್ದರು. ಪ್ರತಿ ಶನಿವಾರ ಕೇಳುವ ಸದ್ದೇ. ಆದರೆ ಅಂದು ನನ್ನೊಳಗಿನ ಪರೀಕ್ಷಕ ಕಿವಿ ನಿಮಿರಿಸಿದ. ಗಡಿಯಾರ ಹಿಡಿದು ನೋಡಿದೆ: ಹೊಡೆತಕ್ಕೂ ಹೊಡೆತಕ್ಕೂ ನಡುವೆ ಸರಿಯಾಗಿ ಎರಡು ಸೆಕೆಂಡು. ಹೊರಗೆ ಓಡಿದೆ. ಬೆತ್ತ ಏರುವ ಎತ್ತರ ಒಂದೇ, ಇಳಿಯುವ ವೇಗ ಒಂದೇ, ಬೀಳುವ ಜಾಗ ಅಂಗೈಯಗಲ.

"ಅತ್ತೆ, ಎಷ್ಟು ವರ್ಷದಿಂದ ಹೀಗೆ ಹೊಡೀತಿದ್ದೀರಿ?"

"ಯಾರನ್ನ? ಜಮಖಾನನಾ?"

"ಹೂಂ, ಅದನ್ನೇ."

"ಮದುವೆ ಆದಾಗಿಂದ. ನಿಮ್ಮ ಮಾವನ ಮೇಲೆ ಸಿಟ್ಟು ಬಂದಾಗೆಲ್ಲ ಮನೆ ಜಮಖಾನ ಹೊಸದರ ಥರ ಆಗ್ತಿತ್ತು."

"ನಾಳೆ ನನ್ನ ಜೊತೆ ಬಂದು ಹನ್ನೆರಡು ಚೆಂಡು ಹೊಡೀಬೇಕು ಅತ್ತೆ. ಈ ಪ್ರಯೋಗಕ್ಕೆ ನಿಮ್ಮಂಥ ಉಪಕರಣ ಇನ್ನೊಂದಿಲ್ಲ."

ಅತ್ತೆ ಬೆತ್ತ ಕೆಳಗಿಳಿಸಿದರು. "ಎಪ್ಪತ್ತು ವರ್ಷದಲ್ಲಿ ಏನೇನೋ ಅನ್ನಿಸ್ಕೊಂಡೆ ಅಳಿಯಂದ್ರೆ. ಇದೊಂದು ಬಾಕಿ ಇತ್ತು. ಆಗ್ಲಿ, ಹೊರಗಡೆ ಹೋದ ಹಾಗಾದ್ರೂ ಆಗುತ್ತೆ."

ಮರುದಿನ ನನ್ನ ಹೆಂಡತಿ ಚಿಕಿತ್ಸಾಲಯದ ಬಾಗಿಲಿಗೆ ರಜೆಯ ಫಲಕ ತಗುಲಿಸಿ, ಅಳತೆಯ ಪಟ್ಟಿಯ ಇನ್ನೊಂದು ತುದಿ ಹಿಡಿಯಲು ತಾನೇ ಬಂದಳು. ತರಬೇತುದಾರರು ಅತ್ತೆಗೆ ಕೋಲು ಹಿಡಿಯುವ ಬಗೆ ತೋರಿಸಿದರು. ಮೊದಲ ಹತ್ತು ಬೀಸು ನೆಲಕ್ಕೆ ಹೋದವು. ಹನ್ನೊಂದನೆಯದಕ್ಕೆ ಅತ್ತೆ, "ಓ, ಜಮಖಾನ ಕೆಳಗೆ ಬಿದ್ದಿದೆ ಅಂದ್ಕೊಂಡ್ರಾಯ್ತು," ಎಂದು ತಮಗೆ ತಾವೇ ಹೇಳಿಕೊಂಡರು. ಅಲ್ಲಿಂದ ಮುಂದೆ ಕೇಳಿಸಿದ್ದು ದಬ್, ದಬ್, ದಬ್.

ಗಟ್ಟಿಯದು ಎಪ್ಪತ್ತಮೂರು ಮೀಟರ್. ಮೆತ್ತನೆಯದು ಎಪ್ಪತ್ತೊಂದು. ದೊಡ್ಡ ಆಟಗಾರರದು ಎಪ್ಪತ್ತೆರಡು. ಕೊಳದಿಂದೆದ್ದು ಬಂದದ್ದೂ ಎಪ್ಪತ್ತೆರಡು. ಹನ್ನೆರಡು ಚೆಂಡುಗಳೂ ಒಂದು ಹಾಸಿಗೆಯಷ್ಟು ಜಾಗದಲ್ಲಿ, ಒಂದೇ ತಾಯಿಯ ಮಕ್ಕಳಂತೆ ಮಲಗಿದ್ದವು.

"ಈಗ ನೀವು ಹೊಡೀರಿ," ಎಂದಳು ಹೆಂಡತಿ. "ಅವೇ ಚೆಂಡು, ಅದೇ ಕೋಲು."

ಹೊಡೆದೆ. ತರಬೇತುದಾರರ ಕೋಣೆಯ ತಗಡಿನ ಮಾಡು ಢಣ್ ಎಂದಿತು.

ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಅವರ ಬಾಯಿಂದ ಪೂರ್ಣ ವಾಕ್ಯವೊಂದು ಹೊರಟಿತು. ಆದರೆ ಅದು ನನ್ನನ್ನು ಉದ್ದೇಶಿಸಿದ್ದಲ್ಲ. "ಅಮ್ಮಾ, ಮುಂದಿನ ಭಾನುವಾರ ಎಷ್ಟು ಗಂಟೆಗೆ ಬರ್ತೀರಿ?"

"ಏಳಕ್ಕೆ," ಎಂದರು ಅತ್ತೆ, ಒಂದು ಕ್ಷಣವೂ ಯೋಚಿಸದೆ. ಆಮೇಲೆ ನನ್ನತ್ತ ತಿರುಗಿ, "ಅಳಿಯಂದ್ರೆ, ಆ ಕೋಲಿನ ಚೀಲ ಸ್ವಲ್ಪ ಹಿಡ್ಕೊಳ್ಳಿ."

ಒಪ್ಪಂದದ ಷರತ್ತಿನ ವ್ಯಾಪ್ತಿ ನನಗೆ ಅರ್ಥವಾದದ್ದು ಆಗ. ಹೆಂಡತಿ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ನಾನು 'ತೀರ್ಮಾನ' ಎಂದು ಬರೆದು ಖಾಲಿ ಬಿಟ್ಟಿದ್ದ ಜಾಗದಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದಳು: 'ತಕ್ಕಡಿ ಸರಿಯಿದೆ.'

ಅಂದಿನಿಂದ ಭಾನುವಾರ ಬೆಳಿಗ್ಗೆ ಅತ್ತೆ ಮುಂದೆ, ಚೀಲ ಹೊತ್ತ ನಾನು ಹಿಂದೆ. ನಾನು ಎಂದೂ ಮುಟ್ಟದ ಆ ನಡುವಿನ ದಾರಿಯಲ್ಲಿ ಈಗ ಬೆಳಗಿನ ಹೊತ್ತೆಲ್ಲ ನಡೆಯುತ್ತೇನೆ; ಹೊಟ್ಟೆಯೂ ಕರಗುತ್ತಿದೆ. ಕೊಳದ ದಡದಲ್ಲಿ ಹಾದುಹೋಗುವಾಗ ಮಾತ್ರ ಹಳೆಯ ಬಾಡಿಗೆಮನೆ ಕಂಡವನಂತೆ ಮನಸ್ಸು ಮಿಡಿಯುತ್ತದೆ.

ಏಳನೆಯ ಭಾನುವಾರ ಪವಾಡ ಜರುಗಿತು. ಅತ್ತೆ ಕೋಲು ಬೀಸಿದರು. ಚೆಂಡು ಬಲಕ್ಕೆ ವಾಲಿತು, ತೇಲಿತು, ಕೊಳದ ನಟ್ಟನಡುವೆ ಪುಳಕ್ಕೆಂದಿತು. ನನ್ನ ಹೃದಯದಲ್ಲಿ ವಾದ್ಯಗಳು ಮೊಳಗಿದವು. ದನಿಗೆ ಸಾಧ್ಯವಾದಷ್ಟು ಸಕ್ಕರೆ ಬೆರೆಸಿ ಕೇಳಿದೆ: "ಏನತ್ತೆ, ಚೆಂಡಿನ ತಪ್ಪಾ?"

"ಛೆ, ಚೆಂಡು ಏನು ಮಾಡುತ್ತೆ ಪಾಪ. ಎಲ್ಲ ಚೆಂಡೂ ಒಂದೇ ಅಂತ ನೀವೇ ಅಳೆದು ತೋರ್ಸಿದ್ರಲ್ಲ. ಕೋಲೂ ಅದೇ, ಹೊಡೆಯೋಳೂ ನಾನೇ. ಇವತ್ತು ಹೊಸದಾಗಿ ಆಗಿದ್ದು ಒಂದೇ."

"ಏನದು?"

"ನಾನು ಕೋಲು ಎತ್ತಿದಾಗ ನೀವು ಕೆಮ್ಮಿದ್ರಿ."

ಇಪ್ಪತ್ತೆರಡು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ಆ ವಾದವನ್ನು ಮೇಲೆ ಕೆಳಗೆ ತಿರುಗಿಸಿ ಪರೀಕ್ಷಿಸಿದೆ. ಎಲ್ಲಿಯೂ ದೋಷ ಸಿಗಲಿಲ್ಲ. ನಾನು ಕೆಮ್ಮಿದ್ದು ನಿಜ. ಚೀಲವನ್ನು ಹುಲ್ಲಿನ ಮೇಲಿಟ್ಟು, ಪ್ಯಾಂಟು ಮಡಚಿಕೊಂಡು, ಕೊಳಕ್ಕೆ ಇಳಿದೆ. ದಾರಿ ನನಗೆ ಗೊತ್ತಿತ್ತು.