ಲಲಿತಾಳ ನಿದ್ದೆಗೆ ಮೂವರು ಅಭ್ಯರ್ಥಿಗಳು

ನಿದ್ದೆಯ ವಿಷಯದಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂದು ನಾನು ತೀರ್ಮಾನಿಸಿದ್ದು ಒಂದು ಸೋಮವಾರ ಬೆಳಿಗ್ಗೆ ಏಳೂವರೆಗೆ. ಅಂದಿನ ಪತ್ರಿಕೆಯಲ್ಲಿ ನನ್ನ ಲೇಖನ ಅರ್ಧ ಪುಟ ಬಂದಿತ್ತು. ಆತಂಕದಿಂದ ನಿದ್ದೆಗೆಟ್ಟವರಿಗೆ ಮಾತ್ರೆಯಿಲ್ಲದೆ, ಮೆದುಳಿಗೇ ಹೊಸ ಪಾಠ ಹೇಳಿಕೊಟ್ಟು ನಿದ್ದೆ ತರಿಸುವ ಚಿಕಿತ್ಸೆಯ ಕುರಿತು ಹುಬ್ಬಳ್ಳಿಯ ವೈದ್ಯರೊಬ್ಬರನ್ನು ನಲವತ್ತು ನಿಮಿಷ ಮಾತನಾಡಿಸಿ ಬರೆದದ್ದು. ಇಪ್ಪತ್ತು ವರ್ಷ ಸವೆಸಿದ ವರದಿಗಾರನಿಗೆ ನಲವತ್ತು ನಿಮಿಷವೆಂದರೆ ಅರ್ಧ ವೈದ್ಯಕೀಯ ಪದವಿ!

ರೋಗಿಯೂ ಮನೆಯಲ್ಲೇ ಸಿದ್ಧವಿದ್ದಳು. ನನ್ನ ಹೆಂಡತಿ ಲಲಿತಾ ಹೈಸ್ಕೂಲಿನ ಗಣಿತ ಶಿಕ್ಷಕಿ. ಹುಲಿಹೈದರದ ಒಂದು ಮತಗಟ್ಟೆಗೆ ಆಕೆಯನ್ನು ಅಧ್ಯಕ್ಷಾಧಿಕಾರಿಯಾಗಿ ಹಾಕಿದ್ದರು. ಆದೇಶ ಕೈಸೇರಿದ ದಿನದಿಂದ ನಿದ್ದೆ ಮನೆ ಬಿಟ್ಟಿತ್ತು. ಮತದಾನಕ್ಕೆ ಇನ್ನು ಹನ್ನೆರಡು ದಿನ. ಹೀಗೇ ನಡೆದರೆ ಮತಗಟ್ಟೆಯಲ್ಲಿ ಕಣ್ಣಿಗೆ ಕತ್ತಲೆ ಕವಿದು ಬೀಳುತ್ತೇನೆ, ಬಿದ್ದರೆ ಸಸ್ಪೆಂಡ್ ಆಗುತ್ತೇನೆ ಎಂದು ಆಕೆ ಲೆಕ್ಕ ಹಾಕಿದ್ದಳು. ಗಣಿತದವಳು, ಲೆಕ್ಕ ತಪ್ಪುವುದಿಲ್ಲ.

"ಡಾಕ್ಟರ್ ಕಡೆ ಕರಕೊಂಡು ಹೋಗ್ರಿ," ಅಂದಳು.

"ಡಾಕ್ಟರಿಗೆ ಗೊತ್ತಿದ್ದದ್ದೆಲ್ಲಾ ನನ್ನ ನೋಟ್‌ಬುಕ್ಕಿನಾಗ ಐತಿ."

"ಡಾಕ್ಟರ್ ಡಿಗ್ರೀನೂ ಅದರಾಗ ಐತೇನ್ರಿ?"

ಇಂಥ ಮಾತಿಗೆಲ್ಲ ಕಿವಿಗೊಟ್ಟರೆ ವಿಜ್ಞಾನ ಮುಂದೆ ಹೋಗುವುದಿಲ್ಲ. ಚಿಕಿತ್ಸೆ ಶುರುವಾಯಿತು.

ಮೊದಲ ನಿಯಮ: ಮಂಚ ನಿದ್ದೆಗೆ ಮಾತ್ರ. ಮಂಚ ಕಂಡರೆ ಮೆದುಳಿಗೆ ನಿದ್ದೆ ಬಿಟ್ಟು ಬೇರೇನೂ ನೆನಪಾಗಬಾರದು. ಭಾಗ್ಯನಗರದ ನಮ್ಮ ಪುಟ್ಟ ಮನೆಯಲ್ಲಿ ಮಂಚವೇ ಗೋದಾಮು. ಒಗೆದ ಬಟ್ಟೆ, ಉತ್ತರಪತ್ರಿಕೆಗಳ ಕಟ್ಟು, ಅಡಿಯಲ್ಲಿದ್ದ ಶೇಂಗಾ ಚೀಲ, ಎಲ್ಲವನ್ನೂ ಎತ್ತಿ ನನ್ನ ತಾಯಿ ವಿರೂಪಾಕ್ಷಮ್ಮನ ಹಾಸಿಗೆಯ ಮೇಲೆ ಒಟ್ಟಿದೆ. ಮರುದಿನ ಬೆಳಿಗ್ಗೆ ತಾಯಿಗೂ ಕಣ್ಣು ಕೆಂಪು. ಒಂದೇ ದಿನದಲ್ಲಿ ರೋಗಿಗಳು ಇಬ್ಬರಾಗಿದ್ದರು!

ಎರಡನೆಯ ನಿಯಮ ಚಿಂತೆಯ ಹೊತ್ತು. ದಿನವೂ ಸಂಜೆ ಐದೂವರೆಯಿಂದ ಅರ್ಧ ಗಂಟೆ ಕುಳಿತು, ಚಿಂತೆಗಳನ್ನೆಲ್ಲ ಬಾಯಿಬಿಟ್ಟು ಹೇಳಿ ಮುಗಿಸಬೇಕು. ಆಮೇಲೆ ಅವು ಹಾಸಿಗೆಗೆ ಬರುವಂತಿಲ್ಲ. ಜೊತೆಗಿರುವವರು ಸುಮ್ಮನೆ ಕೇಳಿಸಿಕೊಳ್ಳಬೇಕು ಎಂದು ವೈದ್ಯರು ಹೇಳಿದ್ದರು. ಆದರೆ ವರದಿಗಾರ ಸುಮ್ಮನೆ ಕೇಳಿಸಿಕೊಳ್ಳುವುದು ಹೇಗೆ? ಮರುಪ್ರಶ್ನೆ ಹಾಕದಿದ್ದರೆ ಅನ್ನ ಸೇರುತ್ತದೆಯೇ?

"ಮಷೀನ್ ಕೆಟ್ಟರ ಏನ್ ಮಾಡ್ಲಿ?" ಎಂದಳು ಲಲಿತಾ, ಕಟ್ಟೆಯ ಮೇಲೆ ಕುಳಿತು.

"ಒಂದ ಕೆಡತೈತೋ, ಬದಲಿ ಕೊಟ್ಟದ್ದೂ ಕೆಡತೈತೋ? ಏಜೆಂಟರು ಜಗಳ ತೆಗದರ? ಕರೆಂಟ್ ಹೋದರ? ವಾಪಸ್ ಬರೂ ಮುಂದ ಬಸ್ ಕೆಟ್ಟರ?"

"ಬಸ್ ಕೆಡೂದು ನನ್ನ ತಲ್ಯಾಗ ಇರಲೇ ಇಲ್ಲಲ್ರೀ!"

"ಈಗ ಬಂತಲ್ಲ. ಹನ್ನೊಂದನೇದು ಅಂತ ಬರಕೋತೀನಿ."

ಮೊದಲ ಸಂಜೆ ಆಕೆ ತಂದದ್ದು ಮೂರು ಚಿಂತೆ. ಆರನೆಯ ಸಂಜೆಗೆ ದಿನಾಂಕ, ಕ್ರಮಸಂಖ್ಯೆ ಸಮೇತ ಮೂವತ್ತೊಂದು! ಇಷ್ಟು ಸಮಗ್ರ ವರದಿಯನ್ನು ನಾನು ಬರಗಾಲದ ಬಗ್ಗೆಯೂ ಮಾಡಿರಲಿಲ್ಲ. ನಿದ್ದೆ ಮಾತ್ರ ಮೂರು ತಾಸಿದ್ದದ್ದು ಒಂದೂವರೆಗೆ ಇಳಿದಿತ್ತು.

ಏಳನೆಯ ಸಂಜೆ ಎದುರುಮನೆಯ ದುರಗಮ್ಮ ತಡೆಯಲಾರದೆ ಎದ್ದು ಬಂದಳು. ಆ ಮನೆಯಲ್ಲಿ ಅವಳೂ ಸೇರಿ ಹನ್ನೆರಡು ಹೆಂಗಸರು ದಿನವಿಡೀ ಕುಳಿತು ಸಿಕ್ಕುಗಟ್ಟಿದ ಕೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತಾರೆ. ಸವರಿ, ಅಂದರೆ ಕಟ್ಟುಗೂದಲು, ಮಾಡುವವರಿಗೆ ಹೋಗುವ ಕೂದಲು.

"ಸುಭಾಷಣ್ಣಾರ, ನಾವು ಸಿಕ್ಕು ಬಿಡಸೂ ಮಂದಿ. ನೀವು ಆರು ದಿನದಿಂದ ಟೀಚರಕ್ಕಾರ ತಲಿಯಾಗ ಸಿಕ್ಕು ಹಾಕಾಕ ಹತ್ತೀರಲ್ಲ!" ಎಂದವಳೇ ಲಲಿತಾಳ ಕಡೆ ತಿರುಗಿದಳು. "ಅಕ್ಕಾರ, ಒಮ್ಮೆ ಮಾಡಿಬಿಟ್ಟರ ಅಂಜಿಕಿ ಹೋಗತೈತ್ರಿ. ನಾವ ವೋಟ್ ಹಾಕತೀವಿ, ನೀವು ಹಾಕಸ್ರಿ."

ಹೆದರಿದ ಕೆಲಸವನ್ನು ಮಾಡಿಯೇ ಮೆದುಳಿನ ಹೆದರಿಕೆ ಕಳೆಯಬೇಕು ಎಂಬುದು ನನ್ನ ಲೇಖನದ ಮೂರನೆಯ ಪ್ಯಾರಾದಲ್ಲಿತ್ತು. ಬರೆದವನು ನಾನೇ. ಓದಿರಲಿಲ್ಲ.

ಲಲಿತಾ ಚುನಾವಣೆಯ ಕೈಪಿಡಿ ತೆರೆದಳು. ಮತದಾನಕ್ಕೆ ಮುಂಚೆ ಏಜೆಂಟರ ಎದುರು ಐವತ್ತು ಅಣಕು ಮತ ಬೀಳಬೇಕು. ಹನ್ನೆರಡು ಹೆಂಗಸರು ತಲಾ ನಾಲ್ಕು ಸಲ, ನಾನೊಂದು, ತಾಯಿಯೊಂದು. ಸೀರೆಯ ಪರದೆ, ಅದರ ಹಿಂದೆ ಮೂರು ಸ್ಟೀಲ್ ಬಟ್ಟಲು, ಒಂದು ಮತಕ್ಕೆ ಒಂದು ಪುಟಾಣಿ ಕಾಳು.

"ನಿಂತವರು ಯಾರು?" ಎಂದೆ.

"ಟೀಚರಕ್ಕಾರ ನಿದ್ದಿ ಕೆಡಿಸಿದವರು," ಎಂದಳು ದುರಗಮ್ಮ. "ಸೊಳ್ಳಿ, ಚಾ, ಗಂಡ."

"ನಾ ನಾಮಪತ್ರಾನ ಹಾಕಿಲ್ಲ!"

"ಅಭ್ಯರ್ಥಿಗಳು ಮತಗಟ್ಟಿಯಿಂದ ದೂರ ನಿಂದರ್ರಿ!" ಎಂದಿತು ಒಂದು ಕಂಚಿನ ಕಂಠ. ಲಲಿತಾಳದ್ದೇ! ಎಷ್ಟೋ ದಿನದಿಂದ ನಡುಗುತ್ತಿದ್ದ ದನಿ ಅದೇ ಏನು ಎಂದು ನಾನು ಬೆರಗಾದೆ. ಸರದಿ ಮುರಿದವರನ್ನು ಹಿಂದೆ ಕಳಿಸಿದಳು. ಬೆರಳಿಗೆ ಶಾಯಿ ಹಚ್ಚಿದಳು. ಹನ್ನೆರಡು ಹೆಂಗಸರಲ್ಲೊಬ್ಬಳಾದ ಸರ್ದಾರಬೀ ಪರದೆಯ ಹಿಂದೆ ಎರಡು ಸಲ ಮತವನ್ನೇ ತಿಂದುಬಿಟ್ಟಾಗಲೂ ಗಾಬರಿಯಾಗದೆ, "ಎರಡು ಅಸಿಂಧು," ಎಂದು ಬರೆದುಕೊಂಡಳು.

ಎಣಿಕೆ ನಡೆಯಿತು. ಚಹಾ ಸೊನ್ನೆ. ಸೊಳ್ಳೆ ಒಂದು. ಗಂಡ ನಲವತ್ತೇಳು!

ಸೊಳ್ಳೆಗೆ ಬಿದ್ದ ಆ ಒಂದು ಮತ ನನ್ನದು. ನಾನು ನಿಧಾನವಾಗಿ ತಾಯಿಯತ್ತ ತಿರುಗಿದೆ. ಆಕೆ ನನ್ನ ಪರ ಏಜೆಂಟ್.

"ಯವ್ವಾ, ನೀನೂ?"

"ಹೊಟ್ಟ್ಯಾಗ ಹುಟ್ಟಿದ ಮಗ ನಿಂತಾನ, ಸೊಳ್ಳಿಗೆ ಹಾಕಲೇನೋ ಯಪ್ಪಾ? ಗೆಲ್ಲಲಿ ಅಂತ ಹಾಕಿದೆ!"

ಲಲಿತಾ ನಕ್ಕಳು. ಕೈಪಿಡಿ ಕೆಳಗೆ ಬೀಳುವಷ್ಟು ನಕ್ಕಳು.

"ಅಣಕು ಮತದಾನದ ಲೆಕ್ಕಾ ಅಳಸಬೇಕು, ನಿಯಮ ಐತಿ," ಎಂದು ನಾನು ಕೊನೆಯ ಆಕ್ಷೇಪಣೆ ಸಲ್ಲಿಸಿದೆ.

"ಗೆದ್ದವರು ಐದು ವರ್ಷ ಮಂದಿ ಕಡೆ ಹಾಯೂದಿಲ್ಲಂತ. ನೀವು ಐದು ದಿನ ನನ್ನ ಕಡೆ ಹಾಯಬ್ಯಾಡ್ರಿ. ನಿಮ್ಮ ಹಾಸಿಗಿ ಹೊರಗ ಕಟ್ಟಿ ಮ್ಯಾಲೆ ಹಾಕೇನಿ."

ಆ ಐದು ದಿನವೂ ಆಕೆ ಏಳೇಳು ತಾಸು ಮಲಗಿದಳು. ಹುಲಿಹೈದರದಲ್ಲಿ ಒಂದು ಸಹಿಯೂ ತಪ್ಪದಂತೆ ಮತದಾನ ಮುಗಿಸಿ ಬಂದಳು. ನನ್ನ ಚಿಕಿತ್ಸೆ ಒಟ್ಟಿನಲ್ಲಿ ಫಲಿಸಿತು ಎಂದೇ ಭಾವಿಸಿ, ಮರುದಿನ ಹಾಸಿಗೆ ಸುತ್ತಿಕೊಂಡು ಬಾಗಿಲಿಗೆ ಬಂದೆ. ಲಲಿತಾ ಹೊಸ್ತಿಲಲ್ಲಿ ಒಂದು ಕಾಗದ ಹಿಡಿದು ನಿಂತಿದ್ದಳು.

"ಏನದು?"

"ಮತ ಎಣಿಕಿಗೂ ನನ್ನ ಹಾಕ್ಯಾರ್ರಿ. ಇನ್ನ ಮೂರು ದಿನ ಐತಿ," ಎಂದು ನನ್ನ ಕೈಗೆ ಸೊಳ್ಳೆಪರದೆ ಕೊಟ್ಟು ಬಾಗಿಲು ಹಾಕಿಕೊಂಡಳು.